ಬಾರದ ಮರಿ

ಅದಕ್ಕೆ ಕಣ್ಣಿಲ್ಲ.
ಮೂತಿಯಿಂದ ಹೊರಟ ಹತ್ತೊಂಬತ್ತು ಗೆರೆ ಕೊಟ್ಟಿದ್ದೇನೆ,
ಕತ್ತಲಲ್ಲಿ ಕೋಲು ಚಾಚಿ ಗೋಡೆ ತಡವುವ ಹಾಗೆ.
ಎಡಕ್ಕೆ ಇಷ್ಟು ದೂರ, ಬಲಕ್ಕೆ ಇಷ್ಟು,
ಎದುರಿಗೆ ಏನೂ ಇಲ್ಲ, ಒತ್ತು.
ಆಟದ ಕಡಲು, ಆಟದ ಮೋಡ, ಆಟದ ಹುಲ್ಲು,
ಯಾವುದೂ ಅದರ ಪಾಲಿಗೆ ಹುಟ್ಟಿಯೇ ಇಲ್ಲ.

ಮೊದಲ ವಾರ, ಓಡಿದಷ್ಟೂ ಅಂಕ ಎಂದೆ.
ಹೊರಟ ಗೆರೆಯ ಬಳಿಯೇ ಗಾಣದೆತ್ತಿನಂತೆ ಸುತ್ತಿತು
ರಾತ್ರಿಯಿಡೀ. ಬೆಳಗ್ಗೆ ನೋಡಿದರೆ
ಲಕ್ಷ ಅಂಕ, ಒಂದು ಸುತ್ತೂ ಮುಗಿದಿಲ್ಲ.
ತಪ್ಪು ಬಾಟಿನದಲ್ಲ. ಕೇಳಿದ್ದನ್ನು ಕೊಟ್ಟಿತ್ತು.
ಕೇಳಲು ಬಾರದವಳು ನಾನು.

ಹಗಲು ನಾನು ಬಂದರಿನ ಶೀತಲಮನೆಯಲ್ಲಿ
ಕಾಡ್ ಮೀನಿನ ಪೆಟ್ಟಿಗೆ ಎಣಿಸುವವಳು.
ಕ್ಲಾಕ್ಸ್‌ವೀಕಿನಲ್ಲಿ ಚಳಿಗಾಲದ ಹಗಲೆಂದರೆ
ಎರಡು ಕಾಫಿಯ ನಡುವಿನ ಬಿಡುವು.
ಮಿಕ್ಕಿದ್ದೆಲ್ಲ ರಾತ್ರಿ,
ಕಂಪ್ಯೂಟರಿನ ಫ್ಯಾನು, ಈ ಕಾರು.

ನೋಡಿ ಕಲಿಯಲಿ ಎಂದು ಅಕ್ಕನ ಮಗನನ್ನು ಕರೆದೆ.
ತೈತುರ್, ಹನ್ನೊಂದು ವರ್ಷ, ಮೂಗು ಸದಾ ಸೋರುತ್ತದೆ.
ಇನ್ನೂರು ಸುತ್ತು ಓಡಿಸಿದ,
ಸುತ್ತಿಗೊಂದು ಉಪ್ಪು ಹಾಕಿದ ಕಪ್ಪು ಮಿಠಾಯಿ ಕೂಲಿ.
ಒತ್ತಿದ್ದು, ಬಿಟ್ಟದ್ದು, ತಿರುಗಿಸಿದ್ದು
ಎಲ್ಲ ಬರೆದಿಟ್ಟುಕೊಂಡು ಅದಕ್ಕೆ ಉಣಿಸಿದೆ.

ಓಡಿತು! ಅಮ್ಮನ ಚಪ್ಪಲಿ ಮೆಟ್ಟಿದ ಮಗುವಿನಂತೆ
ಅತ್ತ ಇತ್ತ ಬಡಿಯುತ್ತ, ಆದರೂ ಓಡಿತು.
ಒಂದೇ ಒಂದು ತೊಡಕು:
ಸುರಂಗ ದಾಟಿದ ಮೇಲೆ, ನೇರ ದಾರಿಯಲ್ಲಿ,
ಗೋಡೆಯಿಲ್ಲ, ತಿರುವಿಲ್ಲ,
ಹತ್ತೊಂಬತ್ತು ಗೆರೆಯೂ ಒತ್ತು ಒತ್ತು ಎನ್ನುವಲ್ಲಿ
ಕಾಲು ತೆಗೆಯುತ್ತದೆ.
ಅರೆಗಳಿಗೆ. ತಲೆ ಬಾಗಿಸಿದ ಹಾಗೆ.
ಮತ್ತೆ ಹೊರಡುತ್ತದೆ.

ನಾಲ್ಕು ರಾತ್ರಿ ಕೋಡಿನ ಹೊಲಿಗೆ ಬಿಚ್ಚಿದೆ.
ಎಲ್ಲಾದರೂ ಸೊನ್ನೆ ನುಸುಳಿತೇ? ಗಡಿಯಾರ ತಡವರಿಸಿತೇ?
ಕಡೆಗೆ ಹುಡುಗನನ್ನೇ ಕೇಳಿದೆ.
ಪೆದ್ದಿಯನ್ನು ನೋಡುವಂತೆ ನೋಡಿದ.
"ಅಲ್ಲಿ ಕುರಿ ಇದೆಯಲ್ಲ ಚಿಕ್ಕಮ್ಮ."

ಪರದೆಗೆ ಮೂಗು ತಾಗಿಸಿದೆ.
ದಾರಿಯ ಎಡ ಅಂಚಿಗೆ ಏಳೆಂಟು ಬಿಳಿ ಚುಕ್ಕೆ,
ಯಾರೋ ಚಿತ್ರಕಾರ ಮನೆಗೆ ಹೊರಡುವ ಅವಸರದಲ್ಲಿ
ಒತ್ತಿ ಹೋದದ್ದು. ಕದಲುವುದಿಲ್ಲ.
ಗುದ್ದಿದರೂ ಗಾಳಿಯಂತೆ ಹಾದುಹೋಗಬಹುದು.
"ಅದು ದಾಟಿ ಆಯ್ತು ಕಣೋ, ಪಕ್ಕಕ್ಕೆ ನಿಂತಿದೆ."
"ತಾಯಿ ದಾಟಿದ ಮೇಲೆ ಮರಿ ದಾಟುತ್ತೆ.
ಅಮ್ಮ ಯಾವಾಗಲೂ ನಿಧಾನ ಮಾಡ್ತಾಳೆ."

ಹೌದು, ಮಾಡುತ್ತಾಳೆ. ಈ ದ್ವೀಪದವರೆಲ್ಲ ಮಾಡುತ್ತೇವೆ.
ಒಂದೇ ಗಾಡಿ ಹಿಡಿಸುವ ಹಳೆಯ ಸುರಂಗದಲ್ಲಿ
ಎದುರು ದೀಪ ಕಂಡರೆ ಪಕ್ಕದ ಗೂಡಿಗೆ ಸರಿಯುವವರು,
ಮಂಜಿನಲ್ಲಿ ತಾಯಿಕುರಿ ದಾಟಿದರೆ
ಮರಿಗೆಂದು ಮೂರು ಎಣಿಸುವವರು.
ಅಕ್ಕ ಒಮ್ಮೆ ಎಣಿಸಲಿಲ್ಲ.
ಆಮೇಲೆ ಕುರಿಯ ಒಡೆಯನ ಬಾಗಿಲಲ್ಲಿ
ನಿಂತೇ ಅತ್ತಳು. ತೈತುರ್ ಹಿಂದಿನ ಸೀಟಿನಲ್ಲಿದ್ದ.

ಹುಲ್ಲು ಕಾಣದ್ದು, ಕುರಿ ಕಾಣದ್ದು,
ಮಂಜೆಂದರೇನೆಂದು ತಿಳಿಯದ್ದು
ಬಾರದ ಮರಿಗೆ ದಾರಿ ಬಿಡುತ್ತಿತ್ತು.

ಬಿಡಿಸಬಹುದು. ಬಿಡಿಸಿದೆ ಕೂಡ.
ತಡೆದರೆ ದಂಡ, ಓಡಿದರೆ ಅಂಕ;
ನಲವತ್ತು ಸಾವಿರ ಸುತ್ತಿನ ಹೊತ್ತಿಗೆ
ಹಳೆ ನಾಣ್ಯದ ಮುಖದಂತೆ ಸವೆದೇ ಹೋಯಿತು
ಆ ತಲೆಬಾಗು.
ಒಂದು ನಿಮಿಷ ಎಂಟು ಸೆಕೆಂಡು.
ತೈತುರನಿಗಿಂತ ಹನ್ನೆರಡು ಸೆಕೆಂಡು ಮುಂದೆ.
ಅವನು ಚಪ್ಪಾಳೆ ತಟ್ಟಿದ, ನಿಜವಾಗಿಯೇ ತಟ್ಟಿದ.
ತೋಳಿಗೆ ಮೂಗು ಒರೆಸಿಕೊಂಡು
"ಇದರ ಹಿಂದಿನ ಸೀಟಲ್ಲಿ ನಾನು ಕೂರಲ್ಲಪ್ಪ" ಎಂದ.

ಈಗ ಡಿಸ್ಕು ತುಂಬಿದೆ, ಹಳೆಯದನ್ನೆಲ್ಲ ಅಳಿಸಬೇಕು.
ಗಾಣದೆತ್ತು ಹೋಯಿತು. ಗೋಡೆಗೆ ಹಣೆ ಚಚ್ಚಿಕೊಂಡವು ಹೋದವು.
ಹದಿನೇಳನೆಯ ಕಡತಕ್ಕೆ ಬಂದಾಗ
ಬೆರಳು ಗುಂಡಿಯ ಮೇಲಿತ್ತು.
ಒಂದು.
ಎರಡು.